ಆಮೆ ಮುಟ್ಟದ ಮೀನು

ಹುಮನಾಬಾದ್ ಹೆದ್ದಾರಿ ಪಕ್ಕದ ಮಹೇಶಕುಮಾರನ ಹೋಟೆಲಿಗೆ ಕಸ ಗುಡಿಸಲು ಬರುವವಳು ಅಕ್ಬರಿ. ಅಂದು ಬೆಳಿಗ್ಗೆ ಬೀಗ ತೆಗೆದು ಷಟರ್ ಎತ್ತಿದಳು. ಒಳಗೆ ಹೋದವಳು ಪೊರಕೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು.

ಊಟದ ಕೋಣೆಯ ಗೋಡೆಯುದ್ದಕ್ಕೂ ದೊಡ್ಡ ಗಾಜಿನ ತೊಟ್ಟಿ. ಅದರಲ್ಲಿ ಕೋಯ್ ಎಂಬ ಜಾತಿಯ, ಮೊಳದುದ್ದದ ಐದು ಕೇಸರಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎಲ್ಲದರ ಬಾಲವೂ ತುಂಡಾಗಿತ್ತು. ಮೂಲೆಯ ಕಲ್ಲಿನ ಮೇಲೆ ಆಮೆ ಕತ್ತು ಚಾಚಿ ಕೂತಿತ್ತು.

ಯಾರೂ ಎರಡನೆಯ ಸಲ ಯೋಚಿಸಲಿಲ್ಲ. ಮಹೇಶಕುಮಾರ ಓಡಿಬಂದ. ಆ ಮೀನುಗಳು ಬಂದ ಮೇಲೆಯೇ ಹೋಟೆಲ್ ಕುದುರಿದ್ದು ಎಂದು ನಂಬಿದವನು ಅವನು. ಆಮೆಯನ್ನು ಒಣ ಬಕೆಟ್ಟಿಗೆ ಹಾಕಿಸಿ, ಮೇಲೆ ಕಲ್ಲು ಹೇರಿಸಿ, ಅಂಗಳದ ಬಿಸಿಲಿಗೆ ಇಡಿಸಿದ. ಸತ್ತ ಮೀನುಗಳ, ಬಕೆಟ್ಟಿನ ಆಮೆಯ ವಿಡಿಯೊ ತೆಗೆದು, ‘ಬಸವಕಲ್ಯಾಣದ ಇಶ್ರತ್ ಅಂಗಡಿಯ ಕೊಲೆಗಡುಕ ಆಮೆ’ ಎಂದು ಬರೆದು ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದ. ಆಮೇಲೆ ಪೊಲೀಸರಿಗೆ ಫೋನ್ ಮಾಡಿದ.

*

ಸಬ್ ಇನ್ಸ್‌ಪೆಕ್ಟರ್ ವರ್ಷಾ ಜೀಪಿನಿಂದ ಇಳಿಯುವ ಹೊತ್ತಿಗೆ ವಿಡಿಯೊ ನೋಡಿದ ಇಶ್ರತ್ ಕೂಡ ಬಸ್ಸಿಳಿದು ಬಂದಿದ್ದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ. ಬಸವಕಲ್ಯಾಣದಲ್ಲಿ ಅಲಂಕಾರದ ಮೀನಿನ ಅಂಗಡಿ ಇಟ್ಟವಳು. ಈ ತೊಟ್ಟಿ ಜೋಡಿಸಿ ಮೀನು, ಆಮೆ ಬಿಟ್ಟವಳೂ ಅವಳೇ.

"ಮೇಡಂ, ಈಕೀನ ಒಳಗ ಹಾಕ್ರಿ," ಅಂದ ಮಹೇಶಕುಮಾರ. "ದೊಡ್ಡ ಮೀನಿನ ಜೋಡಿ ಆಮಿ ಇಟ್ರ ನಡೀತದ ಅಂತ ಹೇಳಿ ಮಾರ್ಯಾಳ. ಮೋಸದ ಕೇಸ್ ಹಾಕ್ರಿ. ಆಮಿ ಬಿಸಲಾಗ ಇರಲಿ. ತಾನಾಗೇ ಸಾಯ್ತದ."

ಇಶ್ರತ್ ನೆಟ್ಟಗೆ ಅಂಗಳಕ್ಕೆ ಹೋದಳು. ಬಕೆಟ್ ಮೇಲಿನ ಕಲ್ಲು ಪಕ್ಕಕ್ಕಿಟ್ಟಳು. ತನ್ನ ಬಾಟಲಿಯ ನೀರು ಸುರಿದು, ಬಕೆಟ್ ಎತ್ತಿಕೊಂಡು ಒಳಗೆ ಬಂದಳು.

"ಕೆಳಗ ಇಡು ಅದನ್ನ," ಮಹೇಶಕುಮಾರ ಗದರಿದ.

"ಇಡೂದಿಲ್ರಿ. ನಿಮ್ಮ ಮೀನು ಇದೇ ಕೊಂದದ ಅಂತ ಸಾಬೀತ ಮಾಡ್ರಿ. ಅಲ್ಲಿತನಾ ಇದು ನನ್ನ ಕೈಯಾಗೇ ಇರ್ತದ."

"ಐದು ಹೆಣ ಕಣ್ಮುಂದ ಅವ. ಇನ್ನೇನ ಸಾಬೀತ?"

"ಬಕೆಟ್ ಆಕೀ ಹತ್ರಾನೇ ಇರಲಿ," ಅಂದಳು ವರ್ಷಾ. "ಅದೂ ಸಾಕ್ಷಿನೇ."

ಮಹೇಶಕುಮಾರನ ಮುಖ ಕೆಂಪಾಯಿತು. "ನಿಮ್ಮ ಮ್ಯಾಲಿನವ್ರ ಜೋಡಿ ಮಾತಾಡಬೇಕಾಗ್ತದ, ಮೇಡಂ."

"ಮಾತಾಡ್ರಿ. ಅವ್ರೂ ನನಗ ತನಿಖೆ ಮಾಡು ಅಂತನೇ ಹೇಳ್ತಾರ."

ವರ್ಷಾ ಅಂಗಿಯ ತೋಳು ಮಡಚಿ ತೊಟ್ಟಿಯ ಮುಂದೆ ಕೂತಳು. ಸತ್ತ ಮೀನುಗಳ ಕೆಳಗೆ ಏನೋ ಅಲುಗಿತು. ಬೆರಳುದ್ದದ ಎರಡು ಕೋಯ್ ಮರಿಗಳು. ಜೀವಂತವಾಗಿದ್ದವು.

"ಇವು?"

"ನಾ ಕೊಟ್ಟದ್ದಲ್ರಿ," ಅಂದಳು ಇಶ್ರತ್. "ಆಮಿ ಇದ್ದಲ್ಲಿ ಸಣ್ಣ ಮೀನು ಬ್ಯಾಡ ಅಂದಿದ್ದೆ. ಸಾಹುಕಾರ್ರು ಮೊನ್ನೆ ಹೈದರಾಬಾದಿನಿಂದ ತಂದು ಬಿಟ್ಟಾರ."

"ಹಂಗಾದ್ರ ಆಮಿ ಮೀನು ತಿಂತದ?"

"ಸಿಕ್ರ ತಿಂತದ್ರಿ. ಸುಳ್ಳ ಯಾಕ ಹೇಳ್ಲಿ? ರೆಕ್ಕೀನೂ ಕಚ್ಚತದ. ಆದ್ರ ಇಷ್ಟು ದೊಡ್ಡ ಮೀನು ಅದರ ಕೈಗೆ ಸಿಗೂದಿಲ್ಲ. ಈಜಾಕ ಜಾಗ ಇರಬೇಕು, ಆಮಿ ಹೊಟ್ಟಿ ತುಂಬಿರಬೇಕು, ಏರಿ ಕೂಡಾಕ ಕಲ್ಲು ಬೇಕು. ಹೋದ ವರ್ಷದಿಂದ ಹಂಗೇ ನಡದದ."

ವರ್ಷಾ ಮರಿಗಳನ್ನೇ ನೋಡುತ್ತಿದ್ದಳು. ಹಸಿದ ಆಮೆ ಸುಲಭವಾಗಿ ಸಿಗುವ ಮರಿಗಳನ್ನು ಬಿಟ್ಟು ಐದು ದೊಡ್ಡ ಮೀನುಗಳ ಬೆನ್ನು ಹತ್ತಿತೇ?

"ಒಂದು ಮೀನು ಹೊರಗ ತಗಿ," ಅಂದಳು.

ಬಾಲದ ಗಾಯ ಬಿಳುಚಿಕೊಂಡಿತ್ತು. ರಕ್ತದ ಸುಳಿವಿಲ್ಲ. ಇಶ್ರತ್ ಅದನ್ನು ಬೆಳಕಿಗೆ ಹಿಡಿದಳು. ಗಾಯದ ಅಂಚಿನ ಮೇಲೆ ಬೆರಳಾಡಿಸಿದಳು.

"ಆಮಿ ಕಚ್ಚಿದ್ರ ಕಮಾನಿನಂಗ ಹರೀತದ್ರಿ, ಅಂಚು ಚಿಂದಿ ಆಗ್ತದ. ಇದು ನೆಟ್ಟಗ ಅದ. ಕತ್ರೀದು."

*

ಕತ್ತರಿ ಇದ್ದದ್ದು ಅಡುಗೆಮನೆಯಲ್ಲಿ, ಅಡುಗೆಯವ ಬಿಲಾಲನ ಬಳಿ. ಹಿಂದಿನ ದಿನ ಮಾಲೀಕ ಹತ್ತು ಜನರ ಮುಂದೆ ಅವನನ್ನು ಬೈದಿದ್ದ. ‘ನಿನ್ನ ಮೀನನ್ನ ಒಂದಿನ ಕರದು ತಿಂತೀನಿ’ ಎಂದು ಬಿಲಾಲ್ ಒದರಿದ್ದನ್ನು ಇಡೀ ಹೋಟೆಲ್ ಕೇಳಿತ್ತು.

"ಅಂದದ್ದು ಹೌದ್ರಿ," ಅಂದ ಬಿಲಾಲ್, ಒಲೆಯ ಮುಂದಿನಿಂದ ಕದಲದೆ. "ಮತ್ತ ಅಂತೀನಿ. ಬೈಸ್ಕೊಂಡವ ಅನ್ನಾಕೂ ಬಾರದೇನು? ಆದ್ರ ನಾ ದಿನಾ ಸಂಜಿಗೆ ಮನ್ನಾಏಖೇಳ್ಳಿಗೆ, ನಮ್ಮ ಮನಿಗೆ ಹೋಗ್ತೀನಿ. ಇವತ್ತ ಅಕ್ಬರಿ ಬಂದ ಮ್ಯಾಲ ಬಂದೀನಿ."

"ಕತ್ರಿ ಎಲ್ಲಿತ್ತು?"

"ಮೊಳಿಗೆ ತೂಗ ಹಾಕಿ ಹೋಗಿದ್ದೆ. ಈಗ ಬಚ್ಚಲದಾಗ ತೊಳದು ಇಟ್ಟಾರ. ಯಾರು ಅಂತ ಗೊತ್ತಿಲ್ರಿ."

ಕತ್ತರಿಯ ಕೀಲಿನ ಸಂದಿಯಲ್ಲಿ ಒಂದು ಕೇಸರಿ ಪೊರೆ ಅಂಟಿಕೊಂಡಿತ್ತು. ಮೀನಿನದು.

ಬಿಲಾಲನನ್ನು ಕರೆತಂದ ಟೆಂಪೊ ಚಾಲಕ ಹೊರಗೆ ಚಹಾ ಕುಡಿಯುತ್ತಿದ್ದ. ಬಿಲಾಲ್ ಹೇಳಿದ್ದು ನಿಜವೆಂದ. ವರ್ಷಾ ಅಕ್ಬರಿಯ ಕಡೆ ತಿರುಗಿದಳು.

"ಷಟರ್‌ಗೆ ಬೀಗ ಇತ್ತೇನು?"

"ಇತ್ರಿ. ನಾನೇ ತೆಗದೆ."

"ತೊಟ್ಟಿ ನೀರಿಗೆ ಫಿನೈಲ್ ಗಿನೈಲ್ ಬಿದ್ದಿರಬಹುದಾ?"

"ಇಲ್ರಿ. ಬಾಟ್ಲಿ ಖಾಲಿ ಆಗಿ ನಾಕು ದಿನ ಆತು. ಸಾಹುಕಾರ್ರು ತಂದಿಲ್ಲ."

ವಿಷ ಬಿದ್ದಿದ್ದರೆ ಮರಿಗಳೇ ಮೊದಲು ಸಾಯುತ್ತಿದ್ದವು. ದೊಡ್ಡವು ಸತ್ತು ಸಣ್ಣವು ಉಳಿಯುವ ಸಾವು ಯಾವುದು? ವರ್ಷಾ ಪ್ರಶ್ನೆಯನ್ನು ಇಶ್ರತ್ ಮುಂದಿಟ್ಟಳು.

ಇಶ್ರತ್ ಬಕೆಟ್ ಎದೆಗಪ್ಪಿಕೊಂಡೇ ನಿಂತಿದ್ದಳು. ಒಮ್ಮೆಲೇ ಮುಖ ಎತ್ತಿದಳು. "ಉಸಿರು ಕಟ್ಟಿದ್ರ, ಮೇಡಂ. ದೊಡ್ಡ ಮೈಗೆ ಗಾಳಿ ಜಾಸ್ತಿ ಬೇಕು. ಬ್ಯಾಸಿಗ್ಯಾಗ ನೀರು ಕಾದು ಗಾಳಿ ಮೊದಲೇ ಕಮ್ಮಿ. ಪಂಪ್ ನಿಂತ್ರ ದೊಡ್ಡವು ಮೊದಲು ಹೋಗ್ತಾವ. ಮರಿ ನೀರಿನ ಮ್ಯಾಲ ಬಂದು ಹ್ಯಾಂಗರ ತಡೀತಾವ. ಆಮಿ ನಮ್ಮಂಗ ಹೊರಗಿನ ಗಾಳಿ ಕುಡೀತದ. ಅದಕ್ಕೇನೂ ಆಗೂದಿಲ್ಲ."

"ಪಂಪ್ ನಡದದಲ್ಲ?" ಅಂದ ಮಹೇಶಕುಮಾರ. ನಿಜ. ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು.

ಇಶ್ರತ್ ತೊಟ್ಟಿಯ ಕೆಳಗೆ ಬಗ್ಗಿದಳು. "ಇಲ್ಲಿ ನೋಡ್ರಿ. ಮ್ಯಾಲಿನ ಪಾಯಿಂಟ್ ಇನ್ವರ್ಟರ್‌ದು. ಕರೆಂಟ್ ಹೋದ್ರೂ ನಿಲ್ಲಬಾರದು ಅಂತ ಪಂಪಿನ ಪ್ಲಗ್ ಅದರಾಗೇ ಹಾಕಿ ಟೇಪ್ ಸುತ್ತಿದ್ದೆ. ಟೇಪ್ ಕಿತ್ತಾರ. ಈಗ ಪ್ಲಗ್ ಕೆಳಗಿನ ಪಾಯಿಂಟ್‌ನ್ಯಾಗ ಅದ."

"ರಾತ್ರಿ ಕರೆಂಟ್ ಹೋಗಿತ್ತಾ?" ವರ್ಷಾ ಕೇಳಿದಳು.

"ಓಣಿ ತುಂಬ ಹೋಗಿತ್ರಿ," ಅಂದಳು ಅಕ್ಬರಿ. "ಬೆಳಗಾಗೂದ್ರಾಗ ಬಂತು."

ಯಾರೋ ಮೀನಿನ ಉಸಿರು ಕಿತ್ತು ಆ ಪಾಯಿಂಟನ್ನು ಬೇರೆ ಯಾವುದಕ್ಕೋ ಕೊಟ್ಟಿದ್ದರು. ಯಾವುದಕ್ಕೆ?

*

ಗಲ್ಲಾಪೆಟ್ಟಿಗೆಯ ಕೆಳಗೆ ಮದುವೆ ಊಟದ ದಿನಗಳಲ್ಲಿ ದೀಪಕ್ಕೆ ಎಳೆಯುವ ಉದ್ದನೆಯ ಕಪ್ಪು ವೈರ್ ಇತ್ತು. ಯಾವಾಗಲೂ ಅಟ್ಟದ ಮೇಲಿರುತ್ತಿತ್ತಂತೆ. ವರ್ಷಾ ಅದರ ಒಂದು ತುದಿಯನ್ನು ತೊಟ್ಟಿಯ ಬಳಿ ಇಟ್ಟು ಬಿಚ್ಚುತ್ತಾ ಹೋದಳು. ಬೀದಿ ಬಾಗಿಲ ಕಡೆ ಎಳೆಯಲು ಕಾರಣವಿರಲಿಲ್ಲ. ಅಡುಗೆಮನೆಯಲ್ಲಿ ರಾತ್ರಿ ನಡೆಸಬೇಕಾದ ಯಂತ್ರವೇನೂ ಇರಲಿಲ್ಲ. ಉಳಿದದ್ದು ಹಿಂದಿನ ದಾಸ್ತಾನು ಕೋಣೆ. ವೈರ್ ಅದರ ಹೊಸ್ತಿಲು ಮುಟ್ಟಿತು.

ಬಾಗಿಲಿಗೆ ಮ್ಯಾನೇಜರ್ ಗುರುಲಿಂಗ ಅಡ್ಡ ನಿಂತ. ರಾತ್ರಿ ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಹೋಟೆಲಿನ ಒಳಗೇ ಮಲಗುವವನು ಅವನೊಬ್ಬನೇ.

"ಅಲ್ಲಿ ಅಕ್ಕಿ ಚೀಲ ಅವ್ರಿ, ಮೇಡಂ."

"ಅಕ್ಕಿ ಚೀಲ ಕೆಮ್ಮತಾವೇನು?"

ಒಳಗಿಂದ ಕೆಮ್ಮು ಮತ್ತೆ ಕೇಳಿಸಿತು. ಗುರುಲಿಂಗ ಸರಿದು ನಿಂತ.

ಚೀಲಗಳ ನಡುವೆ ಚಾಪೆಯ ಮೇಲೆ ಒಬ್ಬ ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಮೂಗಿಗೆ ಸಣ್ಣ ನಳಿಕೆ. ಪಕ್ಕದಲ್ಲಿ ಆಮ್ಲಜನಕ ಕೊಡುವ ಯಂತ್ರ ಗುರುಗುಡುತ್ತಿತ್ತು. ಗುರುಲಿಂಗನ ತಾಯಿ ಕಾಂತಾಬಾಯಿ. ತಮ್ಮೂರು ಘಾಟಬೋರಾಳದಲ್ಲಿ ನೋಡಿಕೊಳ್ಳುವವರಿಲ್ಲದೆ ಮಗ ಇಲ್ಲಿಗೆ ಕರೆತಂದು ಗುಟ್ಟಾಗಿ ಇಟ್ಟುಕೊಂಡಿದ್ದ.

"ಹೋಟೆಲ್‌ನ್ಯಾಗ ರೋಗದವ್ರನ್ನ ಇಟ್ಕೊಳ್ಳಬ್ಯಾಡ ಅಂತ ಹೇಳಿರಲಿಲ್ಲೇನು?" ಮಹೇಶಕುಮಾರ ಕೂಗಿದ.

"ಹೇಳಿದ್ರಿ. ಅದಕ್ಕೇ ಮುಚ್ಚಿಟ್ಟೆ," ಅಂದ ಗುರುಲಿಂಗ. ಈಗ ಅವನ ದನಿಯಲ್ಲಿ ಅಳುಕಿರಲಿಲ್ಲ. "ಕರೆಂಟ್ ಹೋತು. ಮಷಿನ್ ನಿಂತು ಅವ್ವ ನೀಲಿಗಟ್ಟಾಕತ್ಲು. ಇನ್ವರ್ಟರ್ ಪಾಯಿಂಟ್ ಅದೊಂದೇ ಇತ್ತು. ಕಿತ್ತೆ. ಮತ್ತ ಅಂಥ ರಾತ್ರಿ ಬಂದ್ರ ಮತ್ತ ಕೀಳ್ತೀನಿ. ಮೀನು ನೋಡ್ಕೊಂತ ಕೂಡ್ಲೇನು?"

"ಪಂಪಿನ ಪ್ಲಗ್ ಆಗಲೇ ಕೆಳಗಿನ ಪಾಯಿಂಟಿಗೆ ಚುಚ್ಚಿದಿ," ಅಂದಳು ವರ್ಷಾ. "ಅದಕ್ಕೇ ಕರೆಂಟ್ ಬಂದ ಕೂಡ್ಲೆ ಗುಳ್ಳಿ ಎದ್ದಾವ. ಆದ್ರ ಅಷ್ಟೊತ್ತಿಗೆ ಮೀನು ಸತ್ತಿದ್ವು. ಕಾರಣ ಕೇಳಿದ್ರ ಅವ್ವನ ವಿಷಯ ಹೊರಗ ಬೀಳ್ತದ. ಬಿಲಾಲನ ಕತ್ರಿ ತಂದು ಸತ್ತ ಮೀನಿನ ಬಾಲ ಕತ್ತರಿಸಿದಿ. ಸತ್ತದ್ದಕ್ಕ ರಕ್ತ ಬರಲಿಲ್ಲ. ಆಮಿಗಿ ಬಾಯಿಲ್ಲ, ವಾದ ಮಾಡಾಂಗಿಲ್ಲ ಅಂದ್ಕೊಂಡಿ. ಹೌದಿಲ್ಲೋ?"

"ಹೌದು."

ಕಾಂತಾಬಾಯಿ ಮೂಗಿನ ನಳಿಕೆ ಸರಿಸಿದಳು. ಅವಳಿಗೆ ಇದು ಯಾವುದೂ ಗೊತ್ತಿರಲಿಲ್ಲ. ಬಕೆಟ್ ಹಿಡಿದ ಹುಡುಗಿಯನ್ನು ನೋಡಿದಳು, ಮಗನನ್ನು ನೋಡಿದಳು. "ನನ್ನ ಉಸಿರು ಉಳಸಾಕ ಈ ಪೋರಿ ಹೆಸರು ಕೆಡಿಸಿದೇನೋ?"

ಗುರುಲಿಂಗ ತಲೆ ತಗ್ಗಿಸಿದ್ದು ಆಗ.

"ಅವ್ವಾ, ಪ್ಲಗ್ ಕಿತ್ತದ್ದು ತಪ್ಪಲ್ರಿ," ಅಂದಳು ಇಶ್ರತ್. "ನಾ ಇದ್ರೂ ಕೀಳ್ತಿದ್ದೆ. ಆ ಮೀನು ಬೆರಳುದ್ದ ಇದ್ದಾಗಿಂದ ನಾನೇ ಬೆಳಸೀನಿ, ಆದ್ರೂ ಕೀಳ್ತಿದ್ದೆ. ಕತ್ರಿ ಹಿಡದದ್ದು ತಪ್ಪು. ಅದನ್ನ ನಾ ಮಾಫ್ ಮಾಡೂದಿಲ್ಲ."

*

ಮೋಸದ ದೂರು ನಿಲ್ಲಲಿಲ್ಲ. ಗುರುಲಿಂಗನನ್ನು ಜೈಲಿಗೆ ಹಾಕಿ ಎಂದು ಮಹೇಶಕುಮಾರ ಹಟ ಹಿಡಿದ. ಮೊದಲು ಕಾಂತಾಬಾಯಿಯನ್ನು ಆಸ್ಪತ್ರೆಗೆ ಸೇರಿಸುವುದು, ಗುರುಲಿಂಗನ ಹೇಳಿಕೆ ಆಮೇಲೆ ಎಂದಳು ವರ್ಷಾ. ಜೀಪನ್ನು ಹಿಂಬಾಗಿಲಿಗೆ ತರಿಸಿ ಮುದುಕಿಯನ್ನು ಕಳಿಸಿದಳು.

ಇಶ್ರತ್ ಮಾತ್ರ ಮುಂಬಾಗಿಲು ಬಿಟ್ಟು ಕದಲಲಿಲ್ಲ. "ವಿಡಿಯೊ ಊರೂರು ಹೋಗ್ಯಾದ. ಖರೇದೂ ಹೋಗಬೇಕು. ಇಬ್ರೂ ಹೇಳ್ರಿ, ಇಲ್ಲೇ, ಎಲ್ಲಾರ ಮುಂದ."

"ನಾ ಯಾಕ ಹೇಳ್ಲಿ?" ಅಂದ ಮಹೇಶಕುಮಾರ.

"ಕೊಲೆಗಡುಕ ಅಂತ ಬರದವ್ರು ನೀವು. ಹೇಳಲಿಲ್ಲಂದ್ರ ನಿಮ್ಮ ಮ್ಯಾಲ ನಾ ದೂರು ಕೊಡ್ತೀನಿ. ಮೇಡಂ ಇಲ್ಲೇ ಅದಾರ."

ನಾಷ್ಟಾದ ಹೊತ್ತು. ಹೋಟೆಲ್ ತುಂಬಿತ್ತು. ಗುರುಲಿಂಗ ಗಲ್ಲಾದ ಮುಂದೆ ನಿಂತು ಎಲ್ಲವನ್ನೂ ಹೇಳಿದ. ವಿಡಿಯೊ ತೆಗೆಯಲು ಅಕ್ಬರಿ ಮೊಬೈಲ್ ಹಿಡಿದಿದ್ದಳು. ಮಹೇಶಕುಮಾರ ಎರಡೇ ಮಾತು ಗೊಣಗಿದ. ಇಶ್ರತ್ ಗಟ್ಟಿಯಾಗಿ ಹೇಳಿಸಿದಳು.

"ಹೊಸ ಮೀನು ನೀನೇ ಬಿಡು," ಅಂದ ಅವನು ಕೊನೆಗೆ. "ಆಮಿ ಮಾತ್ರ ಬ್ಯಾಡ."

"ಬ್ಯಾರೆಯವ್ರನ್ನ ನೋಡ್ಕೋರಿ," ಅಂದಳು. ಮರಿಗಳೆರಡನ್ನು ಬೇರೆ ಡಬ್ಬಿಯಲ್ಲಿ ಹಾಕಿ ಅವನ ಕೈಗಿತ್ತಳು. "ಇವಕ್ಕ ಗಾಳಿ ಕೊಡ್ರಿ."

ಬಸವಕಲ್ಯಾಣದ ಬಸ್ಸಿನಲ್ಲಿ ಬಕೆಟ್ ತೊಡೆಯ ಮೇಲಿತ್ತು. ಕಂಡಕ್ಟರ್ ಒಳಗೆ ಇಣುಕಿದ, ಫೋನ್ ತೆಗೆದು ಬೆಳಗಿನ ವಿಡಿಯೊ ನೋಡಿದ, ಮತ್ತೆ ಇಣುಕಿದ.

"ಮೀನು ಕೊಂದ ಆಮಿ ಇದೇ ಏನವ್ವಾ?"

ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಇಶ್ರತ್ ಎದ್ದು ನಿಂತಳು, ನಡೆದದ್ದನ್ನು ಕೊನೆಯ ಸೀಟಿಗೂ ಕೇಳುವಂತೆ ಹೇಳಲು ಶುರು ಮಾಡಿದಳು. ನಡುದಾರಿಯ ರಾಜೇಶ್ವರ ಊರು ದಾಟಿದರೂ ಅವಳು ಕೂತಿರಲಿಲ್ಲ.