ಏಳನೇ ಏಟು

ಏಳನೇ ಏಟು ಬೀಳುವ ಮೊದಲೇ ಯಾರೋ ಹಿಂದಿನಿಂದ ವೀಬ್ಕೆಯ ಚಾಟಿಯನ್ನು ಕಿತ್ತುಕೊಂಡರು.

ಯಾರೆಂದು ನೋಡುವಷ್ಟು ತಾಳ್ಮೆ ಅವಳಿಗಿರಲಿಲ್ಲ. ತಿರುಗುತ್ತಲೇ ಮುಷ್ಟಿ ಬೀಸಿದಳು. ಅದು ಹೋಗಿ ಲಾಳ ಕಟ್ಟುವ ತ್ಯಾರ್ಕ್‌ನ ಬಾಯಿಗೆ ಬಡಿಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ಮರಳಿಗೆ ರಕ್ತ ಉಗುಳಿದ. ಆಮೇಲೆ ಚಾಟಿಯ ಕೋಲನ್ನು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದ.

"ಪಾಠದ ಮಧ್ಯೆ ಬರೋಕೆ ನೀವ್ಯಾರ್ರೀ?"

"ಪಾಠನಾ? ನಾನು ಕಸಾಯಿಖಾನೆ ಅಂದ್ಕೊಂಡೆ."

ಹೆಣ್ಣು ಕುದುರೆ ಡಿಸ್ಟೆಲ್ ಮೂಲೆಗೆ ಒತ್ತಿಕೊಂಡು ನಡುಗುತ್ತಿದ್ದಳು. ಕಂದು ಮೈಯಿಂದ ಹಬೆ ಏಳುತ್ತಿತ್ತು. ಪಕ್ಕೆಯ ಮೇಲೆ ಆರು ಬಾಸುಂಡೆಗಳು.

ಹೊರಗೆ ಮೈನಸ್ ಹನ್ನೊಂದು ಡಿಗ್ರಿ. ಆಲ್ಲರ್ ನದಿಯ ಅಂಚು ಹೆಪ್ಪುಗಟ್ಟಿತ್ತು. ನವೆಂಬರಿನಿಂದ ದಿನಾ ಐದೂವರೆಗೆ ಎದ್ದು, ಮರಗಟ್ಟಿದ ಬೆರಳಲ್ಲಿ ಜೀನು ಬಿಗಿದು, ಈ ಮಾಡು ಹಾಕಿದ ಅಂಗಳದಲ್ಲಿ ವೀಬ್ಕೆ ಒಬ್ಬಳೇ ಸುತ್ತುತ್ತಿದ್ದಳು. ನೋಡುವವರಿಲ್ಲ, ಶಹಬ್ಬಾಸ್ ಅನ್ನುವವರಿಲ್ಲ. ಕುದುರೆಗೆ ಲೆಕ್ಕದ ಹೆಜ್ಜೆ ಹಾಕಿಸುವ ಡ್ರೆಸಾಜ್ ಸವಾರಿ ಬೇಸಿಗೆಯಲ್ಲಿ ಮೆರೆಯುವ ವಿದ್ಯೆ, ಆದರೆ ಕಲಿಯುವುದೆಲ್ಲ ಚಳಿಗಾಲದಲ್ಲೇ. ಡಿಸ್ಟೆಲ್ ಮಾತ್ರ ಒಂದು ವಾರದಿಂದ ದೌಡಿನಲ್ಲಿ ಕಾಲು ಬದಲಿಸುವಾಗ ಎಡಕ್ಕೆ ತಿರುಗಿದರೆ ಸಾಕು, ಮುಗ್ಗರಿಸುತ್ತಿದ್ದಳು. ಮಾರ್ಚಿನಲ್ಲಿ ಸ್ಪರ್ಧೆ. ಲಾಯದ ಯಜಮಾನ ಗೆರ್ಕೆನ್ ದಿನಕ್ಕೆ ಮೂರು ಸಲ ಅದನ್ನು ನೆನಪಿಸುತ್ತಿದ್ದ. ಇವತ್ತು ಅವಳೊಳಗೆ ಏನೋ ಹರಿದುಹೋಗಿತ್ತು. ಕೆಳಗಿಳಿದು ಲಗಾಮು ಹಿಡಿದು ಹೊಡೆಯತೊಡಗಿದ್ದಳು.

ತ್ಯಾರ್ಕ್ ಕುದುರೆಯ ಕತ್ತು ಸವರಿ ಎಡ ಮುಂಗಾಲನ್ನು ಎತ್ತಿ ತೊಡೆಯ ಮಧ್ಯೆ ಇಟ್ಟುಕೊಂಡ. ಲಾಳ ಬಿಚ್ಚಿ ಗೊರಸಿನ ಅಡಿಯನ್ನು ಚಾಕುವಿನಿಂದ ಕೆರೆದ. ಕಪ್ಪು ಕೀವು ಚಿಮ್ಮಿ ಅವನ ತೊಗಲಿನ ಏಪ್ರನ್‌ ಮೇಲೆ ಹರಿಯಿತು.

"ಒಂದು ವಾರದಿಂದ ನೋವು ತಿಂತಿದೆ ಪಾಪ. ಹಟ ಅಲ್ಲ ಕಣ್ರೀ ಇದು."

ವೀಬ್ಕೆ ಮರಳಿನಲ್ಲೇ ಕುಸಿದಳು. ಮುಖವೆತ್ತಿದಾಗ ತ್ಯಾರ್ಕ್ ಅವಳನ್ನೇ ನೋಡುತ್ತಿದ್ದ. ತುಟಿ ಒಡೆದಿತ್ತು, ಬೂದುಗಣ್ಣುಗಳಲ್ಲಿ ಸಿಟ್ಟಿತ್ತು. ಆದರೂ ಅವನು ನೋಟ ಕೀಳಲು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು.

"ಮೂರು ವಾರ ರೆಸ್ಟ್. ನಾಳೆ ಪಟ್ಟಿ ಬದಲಾಯಿಸೋಕೆ ಬರ್ತೀನಿ," ಎಂದ.

ಮರುದಿನ ಅವನು ಬರುವಷ್ಟರಲ್ಲಿ ಗೆರ್ಕೆನ್ ತಾನೇ ಡಿಸ್ಟೆಲ್‌ಳ ಬೆನ್ನೇರಿದ್ದ.

"ರೆಸ್ಟ್ ಅಂತೆ! ಎರಡು ಬಿಟ್ರೆ ಎಲ್ಲ ಸರಿಹೋಗುತ್ತೆ!"

ವೀಬ್ಕೆ ಕೂಗುತ್ತ ಓಡಿದಳು. ಗೆರ್ಕೆನ್‌ನ ಬೂಟಿನ ಹಿಮ್ಮಡಿಯ ಮುಳ್ಳು ಹೊಟ್ಟೆಗೆ ಚುಚ್ಚಿದ್ದೇ ತಡ, ಡಿಸ್ಟೆಲ್ ಎರಡು ಕಾಲ ಮೇಲೆ ನಿಂತು ಹಿಂದಕ್ಕೆ ಮಗುಚಿ ಬಿದ್ದಳು. ಗೆರ್ಕೆನ್ ಹೇಗೋ ಉರುಳಿ ತಪ್ಪಿಸಿಕೊಂಡ. ಎದ್ದವನೇ ಹುಲ್ಲು ಎತ್ತಲೆಂದು ಗೋಡೆಗೆ ಒರಗಿಸಿಟ್ಟಿದ್ದ ಕವೆಗೋಲನ್ನು ಹಿಡಿದು ಬಿದ್ದ ಕುದುರೆಯ ತಲೆಗೆ ಬೀಸಿದ.

ವೀಬ್ಕೆ ಅಡ್ಡ ಕೈ ಕೊಟ್ಟಳು. ಮುಂಗೈಯ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು.

ಎರಡನೇ ಸಲ ಕವೆಗೋಲು ಎತ್ತುವಷ್ಟರಲ್ಲಿ ತ್ಯಾರ್ಕ್ ಬಂದಿದ್ದ. ಇಪ್ಪತ್ತೆರಡು ವರ್ಷ ಸುತ್ತಿಗೆ ಹಿಡಿದ ಕೈ ಅದು. ಒಂದೇ ಗುದ್ದಿಗೆ ಗೆರ್ಕೆನ್‌ನ ಮೂಗು ಮುರಿಯಿತು. ಇನ್ನೊಂದು ಕೊಡಲು ತ್ಯಾರ್ಕ್ ಕೈ ಎತ್ತಿದ್ದನಷ್ಟೆ, ಗಾಬರಿಯಿಂದ ಎದ್ದ ಡಿಸ್ಟೆಲ್ ಹಿಂಗಾಲು ಜಾಡಿಸಿದಳು. ಅದು ಅವನ ಪಕ್ಕೆಗೇ ಬಿತ್ತು.

ಫೆರ್ಡೆನ್ ಊರಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಅವಳ ಕೈಗೆ ಪ್ಲಾಸ್ಟರ್, ಅವನ ಮೂರು ಪಕ್ಕೆಲುಬು ಬಿರುಕು.

"ಹಲ್ಲು ಹೇಗಿದೆ?" ಕೇಳಿದಳು.

"ಒಂದು ಅಲ್ಲಾಡ್ತಿದೆ. ನಿಮ್ಮದೇ ಕಾಣಿಕೆ."

"ಕಿತ್ತು ಬಂದ್ರೆ ನಂಗೇ ಕೊಡಿ. ನಾನೇ ಅಲ್ವಾ ದುಡಿದಿದ್ದು?"

"ಅಯ್ಯೋ, ನಗಿಸ್ಬೇಡಿ! ಪಕ್ಕೆ ಹಿಡಿಯುತ್ತೆ."

ಅವಳ ರೆಪ್ಪೆಯ ತುದಿಯಲ್ಲಿ ರಕ್ತದ ಚುಕ್ಕೆಯೊಂದು ಒಣಗಿತ್ತು. ಅವನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ. ಒರೆಸಿದ ಮೇಲೂ ಬೆರಳು ಕೆನ್ನೆಯ ಮೇಲೆಯೇ ಉಳಿಯಿತು.

"ನಾನೂ ಗೆರ್ಕೆನ್ ಥರಾನೇ ಅಲ್ವಾ?" ಅಂದಳು ಅವಳು.

ಛೆ ಇಲ್ಲ ಅನ್ನುತ್ತಾನೆ ಅಂದುಕೊಂಡಿದ್ದಳು. ಅವನು ಅನ್ನಲಿಲ್ಲ.

"ಆರು ಏಟಿನಷ್ಟು, ಹೌದು," ಎಂದ. "ನನ್ನ ಕಥೆ ಕೇಳು. ಅವನ ಮೂಗು ಮುರಿದಾಗ ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ? ಡಿಸ್ಟೆಲ್ ಒದೀದೇ ಇದ್ದಿದ್ರೆ ನಾನು ನಿಲ್ಲಿಸ್ತಿರಲಿಲ್ಲ."

'ಕೇಳು' ಅಂದಿದ್ದ, 'ಕೇಳಿ' ಅಲ್ಲ. ಇಬ್ಬರೂ ಅದನ್ನು ಗಮನಿಸಿದರು. ಯಾರೂ ತಿದ್ದಲಿಲ್ಲ.

ಮರುದಿನ ವೀಬ್ಕೆ ಪಶುವೈದ್ಯ ಕಚೇರಿಗೆ ಹೋಗಿ ದೂರು ಬರೆಸಿದಳು. ಗೆರ್ಕೆನ್ ಮಾಡಿದ್ದೆಲ್ಲ ಹೇಳಿದ ಮೇಲೆ, "ಹಿಂದಿನ ದಿನ ನಾನೂ ಆರು ಏಟು ಹೊಡೆದೆ. ಅದನ್ನೂ ಬರ್ಕೊಳ್ಳಿ," ಎಂದಳು.

ಗುಮಾಸ್ತೆಯ ಪೆನ್ನು ನಿಂತಿತು. "ಬೇಕಾ ಇದು?"

"ಬೇಕು."

ಡಿಸ್ಟೆಲ್‌ಳನ್ನು ದೂರದ ಒಂದು ತೋಟದ ಲಾಯಕ್ಕೆ ಸಾಗಿಸಿದರು. ಗೆರ್ಕೆನ್ ಕುದುರೆ ಸಾಕುವಂತಿಲ್ಲ ಎಂದು ಆದೇಶವಾಯಿತು. ಸವಾರಿ ಕಲಿಸಲು ವೀಬ್ಕೆಗಿದ್ದ ಲೈಸೆನ್ಸೂ ಒಂದು ವರ್ಷಕ್ಕೆ ಹೋಯಿತು. ಭಾನುವಾರ ನೋಡಲು ಹೋದರೆ ಡಿಸ್ಟೆಲ್ ಕಿವಿ ಹಿಂದಕ್ಕೆ ಮಡಚಿ ದೂರದ ಗೋಡೆಗೆ ಅಂಟಿ ನಿಂತಳು. ವೀಬ್ಕೆ ತಂದಿದ್ದ ಗಜ್ಜರಿಯನ್ನು ನೆಲದ ಮೇಲಿಟ್ಟು ವಾಪಸು ಬಂದಳು.

ಅಂದಿನಿಂದ ಹಾಸಿಗೆ ಬಿಟ್ಟೇಳುವುದೇ ಬೇಡವಾಯಿತು. ಎದ್ದು ಮಾಡುವುದಾದರೂ ಏನು?

ಫೆಬ್ರವರಿಯ ಕೊನೆಗೆ ಒಂದು ಬೆಳಗ್ಗೆ ಆರು ಗಂಟೆಗೆ ಮನೆ ಮುಂದೆ ವ್ಯಾನಿನ ಹಾರ್ನ್ ಬಡಿದುಕೊಂಡಿತು. ಕಿಟಕಿ ತೆರೆದರೆ ಕೆಳಗೆ ತ್ಯಾರ್ಕ್.

"ಡ್ರೆಸಾಜ್ ಕಲಿಸು ನಂಗೆ!"

"ತಲೆ ಕೆಟ್ಟಿದೆಯಾ? ಲೈಸೆನ್ಸ್ ಇಲ್ಲ ನಂಗೆ!"

"ಸ್ನೇಹಿತನಿಗೆ ಕಲಿಸೋಕೆ ಯಾವ ಲೈಸೆನ್ಸು? ನಮ್ಮೂರಿನ ಆಲ್ಕೆ ಅಜ್ಜಿ ಅವರ ಕುದುರೆ ಬ್ರೂನೋನ ಕೊಡ್ತಾರಂತೆ. ಬೇಗ ಇಳಿದು ಬಾ, ಚಹಾ ಆರುತ್ತೆ!"

ಹೋದ ಮೇಲೆ ಗೊತ್ತಾಯಿತು, ಸಾವಿರಾರು ಗೊರಸು ಹಿಡಿದ ಈ ಮನುಷ್ಯ ಒಮ್ಮೆಯೂ ಕುದುರೆ ಹತ್ತಿರಲಿಲ್ಲ. ಮುದಿ ಬ್ರೂನೋ ಕೆಮ್ಮಿದರೂ ತ್ಯಾರ್ಕ್ ಜೀನಿಗೆ ಜೋತುಬೀಳುತ್ತಿದ್ದ.

"ಉಸಿರಾಡು ಮಾರಾಯ!"

"ಆಡ್ತಾ ಇದೀನಿ!"

"ನೀನಲ್ಲ, ಬ್ರೂನೋ ಆಡ್ತಾ ಇರೋದು!"

ಆಲಿಕಲ್ಲು ಬಿದ್ದರೂ ಗಾಳಿ ಬೀಸಿದರೂ ಆರಕ್ಕೆ ಹಾರ್ನ್ ತಪ್ಪಲಿಲ್ಲ. ಬೈಯುತ್ತಲೇ ಇಳಿಯುತ್ತಿದ್ದಳು. ಬರಬರುತ್ತ ಹಾರ್ನ್ ಕೇಳುವ ಮೊದಲೇ ಬೂಟು ಹಾಕಿ ಕೂರತೊಡಗಿದಳು.

ಒಂಬತ್ತನೆಯ ದಿನ ಬ್ರೂನೋ ಎಡಕ್ಕೆ ತಿರುಗಲೊಲ್ಲದೆ ನಿಂತುಬಿಟ್ಟ. ಒಂದು ಸಲ, ಐದು ಸಲ, ಹತ್ತು ಸಲ. ವೀಬ್ಕೆಯ ಮುರಿಯದ ಕೈ ತಾನಾಗಿ ಬಿಗಿಯಿತು. ಭುಜದವರೆಗೂ ಬಿಸಿ ಏರಿತು. ಅವಳಿಗೆ ಅದರ ಗುರುತು ಚೆನ್ನಾಗಿಯೇ ಇತ್ತು.

"ಸಾಕು," ಎಂದಳು. "ಇವತ್ತಿಗೆ ಸಾಕು, ತ್ಯಾರ್ಕ್. ನಂಗೆ ಹೊಡೀಬೇಕು ಅನ್ನಿಸ್ತಿದೆ."

ಅವನು ಜೀನಿನಿಂದ ಜಾರಿ ಇಳಿದ. ಅವಳ ಮುಷ್ಟಿ ಹಿಡಿದು ಒಂದೊಂದೇ ಬೆರಳು ಬಿಡಿಸಿದ. ಕುದುರೆಯ ಕಾಲು ಎತ್ತುವಾಗಿನ ಅದೇ ನಿಧಾನ, ಅದೇ ಜೋಪಾನ.

"ಮುಂದಕ್ಕೂ ಹೀಗೇ ಆಗುತ್ತೆ," ಎಂದಳು ಅವಳು. "ಹೋಗೋ ಗುಣ ಅಲ್ಲ ಇದು."

"ನಂದೂ ಹೋಗಲ್ಲ. ಸಿಟ್ಟು ಬಂದಾಗ ನೀನು ಹೇಳು, ನಾನೂ ಹೇಳ್ತೀನಿ."

"ಒಂದು ಕೇಳ್ಲಾ? ಗೆರ್ಕೆನ್ ಲಾಯದಲ್ಲಿ ಇದ್ದಿದ್ದೇ ಹನ್ನೆರಡು ಕುದುರೆ. ಲಾಳ ಬದಲಾಯಿಸೋದು ಏಳು ವಾರಕ್ಕೊಮ್ಮೆ. ನೀನು ಯಾಕೆ ವಾರ ವಾರ ಬರ್ತಿದ್ದೆ?"

ತ್ಯಾರ್ಕ್‌ನ ಕಿವಿ ಕೆಂಪಾಯಿತು. "ಆ ಚಳಿಯಲ್ಲಿ ಒಬ್ಬಳೇ ಸುತ್ತು ಹಾಕ್ತಿದ್ದೆಯಲ್ಲ, ನೋಡೋಕೆ. ಎರಡು ವರ್ಷದಿಂದ. ಆ ಆರು ಏಟು ನೋಡಿದ ದಿನ ವ್ಯಾನಲ್ಲಿ ಕೂತು ಅತ್ತುಬಿಟ್ಟೆ. ಆದ್ರೂ ಮಾರನೇ ದಿನ ಬಂದೆ. ನಿನ್ನ ಬಿಟ್ಟು ಇರೋಕೆ ಆಗಲ್ಲ ವೀಬ್ಕೆ, ಅಷ್ಟೇ."

ಅವಳು ಅವನ ಕಾಲರ್ ಹಿಡಿದು ಎಳೆದು ಮುತ್ತಿಟ್ಟಳು. ಒಡೆದು ಮಾಗಿದ ತುಟಿಯ ಗಡಸು ಗುರುತು ಅವಳ ತುಟಿಗೆ ಸಿಕ್ಕಿತು. ಅದರ ಮೇಲೆ ಇನ್ನೊಂದು ಮುತ್ತು, ಈ ಸಲ ಮೆತ್ತಗೆ.

ಬ್ರೂನೋನ ಬೆವರು ಆರುವವರೆಗೂ ಇಬ್ಬರೂ ಅವನ ಎರಡು ಬದಿಗೆ ನಡೆದರು, ಬೆನ್ನ ಮೇಲಿನಿಂದ ಕೈಗೆ ಕೈ ಕೊಟ್ಟು.