ಬಾವಿಯ ರಾಟೆಗೊಂದು ಮೊಳೆ

"ಹರಿಕೇನ್ ಅಂದರೆ ಎಂತ?" ಕುಶಾಲಪ್ಪ ಮಾಸ್ಟ್ರು ಬೋರ್ಡಿನ ಮೊದಲ ಪದಕ್ಕೆ ಬೆತ್ತ ತಾಗಿಸಿದರು.

"ಲಾಟನು ಸರ್!" ಹಿಂದಿನ ಬೆಂಚಿನಿಂದ ಭೋಜ ಕೂಗಿದ.

"ಲಾಟನು ನಿನ್ನ ಮನೆಯಲ್ಲಿ ಉರಿಯಲಿ. ಇದು ಸಮುದ್ರದಿಂದ ಬರುವ ದೊಡ್ಡ ಬಿರುಗಾಳಿ. ಮಾಡಿನ ಹಂಚೆಲ್ಲ ಹಾರಿ ಹೋಗ್ತದೆ."

ಕೆಳಗೆ ಇನ್ನೂ ಪದಗಳಿದ್ದವು: ಅರ್ತ್‌ಕ್ವೇಕ್, ಫ್ಲಡ್, ಶೆಲ್ಟರ್, ಡ್ರೌಟ್. ಬಂಟ್ವಾಳದ ಆ ಶಾಲೆಯ ಮಕ್ಕಳು ಭೂಕಂಪವನ್ನು ಕಂಡವರಲ್ಲ. ಫ್ಲಡ್ ಮಾತ್ರ ಹಳೆಯ ನೆಂಟನ ಹಾಗೆ ಪ್ರತಿ ಮಳೆಗಾಲ ಊರಿಗೆ ಬಂದು ಹೋಗುತ್ತಿತ್ತು.

"ಮಾಜಿದಾ, ಫ್ಲಡ್ ಸೇರಿಸಿ ಒಂದು ವಾಕ್ಯ ಹೇಳು."

ಮಾಜಿದಾಳ ಮನೆ ಹೊಳೆಯ ಬದಿಯಲ್ಲೇ, ಅವಳು ಉಪ್ಪ ಎಂದು ಕರೆಯುವ ಅಪ್ಪ ಸುಲೈಮಾನರ ಬೆಲ್ಲದ ಅಂಗಡಿಯ ಹಿಂದೆ. ಅವಳಿಗೆ ಯೋಚಿಸುವ ಕೆಲಸವೇ ಇರಲಿಲ್ಲ. "ಫ್ಲಡ್ ಕಮ್ಸ್ ಟು ಮೈ ಹೌಸ್."

"ವೆರಿ ಗುಡ್!"

ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಶಶಿಪ್ರಭಾ ಬಾಯಿ ಹಾಕಿದಳು. "ಆಗ ಅವರೆಲ್ಲ ನಮ್ಮ ಮನೆಗೆ ಓಡಿ ಬರ್ತಾರೆ ಸರ್. ಪ್ರತಿ ವರ್ಷ!"

"ಅದೇ ನೋಡಿ ಶೆಲ್ಟರ್," ಮಾಸ್ಟ್ರಿಗೆ ಖುಷಿಯಾಯಿತು. "ದಿಕ್ಕಿಲ್ಲದವರಿಗೆ ಕೊಡುವ ಆಶ್ರಯ." ಪುಸ್ತಕದಲ್ಲಿ ಚಿತ್ರವೂ ಇತ್ತು. ಹರಿದ ಬಟ್ಟೆಯ ಹೆಂಗಸೊಬ್ಬಳು ಯಾರದೋ ಬಾಗಿಲಲ್ಲಿ ಕೈಯೊಡ್ಡಿ ನಿಂತಿದ್ದಳು.

ಶಾಲೆ ಬಿಡುವಷ್ಟರಲ್ಲಿ ಮಾಜಿದಾಳಿಗೆ ಹೊಸ ಹೆಸರು ಬಿದ್ದಿತ್ತು. "ಓ ಶೆಲ್ಟರ್, ಕೊಡೆ ಉಂಟಾ ನಿನ್ನತ್ರ?" ಎಂದು ಭೋಜ ಗೇಟಿನವರೆಗೂ ಕೂಗಿದ. ಮಾಜಿದಾಳ ಕಿವಿ ಬಿಸಿಯಾಯಿತು. ಶಶಿಪ್ರಭಾ ಕೂಡ ಕಿಸಕ್ಕನೆ ನಕ್ಕಳು. ಮಾಜಿದಾಳಿಗೆ ಸಿಟ್ಟು ಬಂದದ್ದು ಅದಕ್ಕೇ.

"ಇನ್ನು ಸತ್ತರೂ ನಿಮ್ಮ ಮನೆಗೆ ಕಾಲಿಡುವುದಿಲ್ಲ!"

"ಅಯ್ಯೋ, ನಾನು ಸುಮ್ಮನೆ ಹೇಳಿದ್ದು ಮಾರಾಯ್ತಿ."

"ನನ್ನತ್ರ ಮಾತಾಡಬೇಡ ನೀನು."

ಇಂಥ ಶಪಥ ಮಾಡುವ ಮೊದಲು ಹೊಳೆಯನ್ನು ಒಂದು ಮಾತು ಕೇಳಬೇಕು. ಆ ರಾತ್ರಿ ಚಾರ್ಮಾಡಿ ಘಾಟಿಯ ಕಡೆ ಜಡಿಮಳೆ ಹೊಯ್ಯಿತು. ಮರುದಿನ ಮಧ್ಯಾಹ್ನ ನೇತ್ರಾವತಿಯ ಕೆಂಪು ನೀರು ಮಾಜಿದಾಳ ಹಿತ್ತಿಲಿಗೆ ಬಂತು.

ಯಾರೂ ಗಾಬರಿಯಾಗಲಿಲ್ಲ. ಉಪ್ಪ ಬೆಲ್ಲದ ಡಬ್ಬಗಳನ್ನು ಅಟ್ಟಕ್ಕೇರಿಸಿದರು. ಉಮ್ಮ ಅಕ್ಕಿ, ಚಾಪೆ ಕಟ್ಟಿದರು. ಮಾಜಿದಾಳ ಕೆಲಸವೂ ಪ್ರತಿ ವರ್ಷದ್ದೇ. ಬಾವಿಯ ರಾಟೆಯನ್ನೂ ಹಗ್ಗವನ್ನೂ ಬಿಚ್ಚಿ ಗುಡ್ಡೆಯ ಮೇಲಿನ ಸರಸಕ್ಕನ ಮನೆಗೆ ಸೇರಿಸಬೇಕು. ಬಿಟ್ಟರೆ ಅದು ಹೊಳೆಯ ಪಾಲು. ಸರಸಕ್ಕ ಎಂದರೆ ಶಶಿಪ್ರಭಾಳ ಅಜ್ಜಿ.

"ನಾನು ಅಲ್ಲಿಗೆ ಬರುವುದಿಲ್ಲ. ಅಟ್ಟದಲ್ಲೇ ಇರ್ತೇನೆ."

"ಇರು. ಬೆಲ್ಲದೊಟ್ಟಿಗೆ ಇರುವೆಗಳುಂಟು, ಸರಿದು ಜಾಗ ಕೊಡ್ತಾವೆ," ಎಂದರು ಉಮ್ಮ. "ಮೊದಲು ರಾಟೆ ಬಿಚ್ಚು. ನೀರು ಕಟ್ಟೆಗೆ ಬಂತು."

ರಾಟೆ ಹೊತ್ತು ಅವಳು ಗುಡ್ಡೆ ಹತ್ತಿದಳು. ಆದರೆ ಒಳಗೆ ಹೋಗದೆ ಮಾಡಿನಂಚಿನ ಹನಿಗೆ ತಲೆಯೊಡ್ಡಿ ನಿಂತಳು. ಉಮ್ಮ ಸೀದಾ ಬದಿಯ ಜಗಲಿಗೆ ಹೋದರು. ಅಲ್ಲಿ ಅವರಿಗಾಗಿ ಒಲೆ ಆಗಲೇ ಹೊತ್ತಿತ್ತು. ಬನ್ನಿ ಎಂದು ಯಾರೂ ಕರೆಯಲಿಲ್ಲ. ಬರಬಹುದಾ ಎಂದು ಉಮ್ಮನೂ ಕೇಳಲಿಲ್ಲ.

"ರಾಟೆ ಬಂತಾ?" ಒಳಗಿನಿಂದ ಸರಸಕ್ಕ ಕೇಳಿದರು. "ಬಂದಿದ್ದರೆ ಮೊಳೆಗೆ ಹಾಕು ಮಗಾ."

ಜಗಲಿಯ ಗೋಡೆಯಲ್ಲಿ ದಪ್ಪದೊಂದು ಮೊಳೆ ಇತ್ತು. ಅದಕ್ಕೆ ಬೇರೆ ಯಾರಾದರೂ ಕೊಡೆ ತೂಗಿಸಿದರೆ ಸರಸಕ್ಕ ಬೈದು ತೆಗೆಸುತ್ತಿದ್ದರು. ಅದು ಕೆಳಮನೆಯ ರಾಟೆಯ ಮೊಳೆ.

ಮಾಜಿದಾ ಮೆಟ್ಟಿಲು ಹತ್ತಿದಳು. ಶಶಿಪ್ರಭಾ ಬಂದು ಹಗ್ಗದ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸುತ್ತತೊಡಗಿದರು. ನಡುವೆ ಒಂದು ಗಂಟು ಬಂತು. ಈಚೆಗೆ ಮಾಜಿದಾಳ ಮನೆಯ ಕಪ್ಪು ಹಳೇ ಹಗ್ಗ, ಆಚೆಗೆ ಹಳದಿಯ ಹೊಸ ಹಗ್ಗ. ಏಪ್ರಿಲಿನಲ್ಲಿ ಗುಡ್ಡೆಯ ಮೇಲಿನ ಬಾವಿ ಬತ್ತಿ, ಕೆಳಗೆ ಮಾಜಿದಾಳ ಮನೆಯ ಬಾವಿಯಲ್ಲೂ ನೀರು ಆಳಕ್ಕೆ ಹೋದಾಗ ಸರಸಕ್ಕ ತಂದು ಕಟ್ಟಿದ ಹಗ್ಗ. ಆಮೇಲೆ ಮಳೆ ಬರುವವರೆಗೂ ಶಶಿಪ್ರಭಾ ದಿನಾ ಕೊಡಪಾನ ಹಿಡಿದು ಬರುತ್ತಿದ್ದಳು. ಉಮ್ಮ ಅವಳ ಕೈಗೊಂದು ಬೆಲ್ಲದ ತುಂಡು ಕೊಡುತ್ತಿದ್ದರು. ಗಂಟು ರಾಟೆಗೆ ತಾಗಿ ಟಕ್ ಅಂದಾಗಲೆಲ್ಲ ಇಬ್ಬರೂ ನಗುತ್ತಿದ್ದರು.

"ಶಶಿ, ಡ್ರೌಟ್ ಅಂದ್ರೆ ಎಂತ?"

"ನೀರಿಲ್ಲದೆ ಬರಗಾಲ..." ಎಂದ ಶಶಿಪ್ರಭಾಳ ಕೈ ಗಂಟಿನ ಮೇಲೆಯೇ ನಿಂತಿತು. ಅವಳ ಮುಖ ಸಣ್ಣದಾಯಿತು.

ಮಾಜಿದಾ ಮನಸ್ಸಿನಲ್ಲೇ ವಾಕ್ಯ ಕಟ್ಟಿದಳು. ಡ್ರೌಟ್ ಕಮ್ಸ್ ಟು ಶಶಿಪ್ರಭಾಸ್ ಹೌಸ್. ದೇ ರನ್ ಟು ಮೈ ಹೌಸ್. ಎಷ್ಟು ಚಂದದ ವಾಕ್ಯ! ಸಂಜೆಯೆಲ್ಲ ಅದನ್ನು ಬೆಲ್ಲದ ಹಾಗೆ ಚಪ್ಪರಿಸಿದಳು.

ನೀರಿಳಿದು ಶಾಲೆ ತೆರೆಯಿತು. ಮಾಸ್ಟ್ರು ಬಿಟ್ಟಲ್ಲಿಂದಲೇ ಶುರುಮಾಡಿದರು. "ಮಾಜಿದಾ, ಈಗ ಡ್ರೌಟ್ ಹೇಳು."

ಮಾಜಿದಾ ಎದ್ದಳು. ಶಶಿಪ್ರಭಾ ತಲೆ ತಗ್ಗಿಸಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಭೋಜ ಮುಂದಕ್ಕೆ ಬಾಗಿದ. ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು, ಒಂದು ತಪ್ಪೂ ಇಲ್ಲದೆ.

ಎದುರಿಗೆ ಪುಸ್ತಕ ಅದೇ ಚಿತ್ರಕ್ಕೆ ತೆರೆದಿತ್ತು. ಕೈಯೊಡ್ಡಿದ ಆ ಹೆಂಗಸಿನ ಜಾಗದಲ್ಲಿ ಮಾಜಿದಾ ಶಶಿಪ್ರಭಾಳನ್ನು ನಿಲ್ಲಿಸಿ ನೋಡಿದಳು. ಸರಿಹೋಗಲಿಲ್ಲ. ಒಂದು ಕೈಯಲ್ಲಿ ಕೊಡಪಾನ, ಕೆನ್ನೆಯೊಳಗೆ ಬೆಲ್ಲ. ಉಮ್ಮನನ್ನು ನಿಲ್ಲಿಸಿದಳು. ಅದೂ ಸರಿಹೋಗಲಿಲ್ಲ.

"ಇನ್ ಏಪ್ರಿಲ್," ಎಂದಳು ಮಾಜಿದಾ, "ವಿ ಹ್ಯಾವ್ ಒನ್ ವೆಲ್."

"ಇದರಲ್ಲಿ ಡ್ರೌಟ್ ಎಲ್ಲುಂಟು?" ಮಾಸ್ಟ್ರು ಹುಬ್ಬೇರಿಸಿದರು.

"ಇಲ್ಲ ಸರ್."

ಯಾರೂ ಕೇಳದೆ ಶಶಿಪ್ರಭಾ ಎದ್ದು ನಿಂತಳು. "ಸರ್, ಬೇಸಿಗೆಯಲ್ಲಿ ನಮ್ಮ ಬಾವಿ ಬತ್ತುತ್ತದೆ. ಆಗ ನಾವು ಇವರಲ್ಲಿಗೇ ಹೋಗುವುದು. ಮೊನ್ನೆ ನಾನು ಅದನ್ನು ಹೇಳಲಿಲ್ಲ." ಮಾಸ್ಟ್ರು ಇಬ್ಬರನ್ನೂ ಒಮ್ಮೆ ನೋಡಿ, ಕೂತುಕೊಳ್ಳಿ ಎಂದರು. ಬಾಗಿದ್ದ ಭೋಜ ಹಿಂದಕ್ಕೆ ಸರಿದು ಕೂತ.

ಸಂಜೆ ಇಬ್ಬರೂ ಮೊಳೆಯಿಂದ ರಾಟೆ ಇಳಿಸಿದರು. ಹಗ್ಗ ಇನ್ನೂ ಒದ್ದೆಯಾಗಿಯೇ ಇತ್ತು.

"ಈಗ ಬಾವಿಯಲ್ಲಿ ನೀರು ಮೇಲೇ ಉಂಟಲ್ಲ," ಶಶಿಪ್ರಭಾ ಮೆಲ್ಲನೆ ಕೇಳಿದಳು. "ಗಂಟು ಬಿಚ್ಚುವುದಾ?"

ಮಾಜಿದಾ ಹಗ್ಗವನ್ನು ಹೆಗಲಿಗೇರಿಸಿಕೊಂಡಳು.

"ಇರಲಿ ಬಿಡು. ಹೇಗೂ ಏಪ್ರಿಲ್ ಬರ್ತದಲ್ಲ."