ಊಟದ ಹೊತ್ತಿನ ಗದ್ದಲ

ಹೆಲಿಕಾಪ್ಟರ್ ಆಸ್ಪತ್ರೆಯ ನೆತ್ತಿಯವರೆಗೆ ಬಂದು, ಇಳಿಯದೆ ಹಿಂದಿರುಗಿತು. ಕೆಳಗೆ ದಟ್ಟ ಮಂಜು. ಮಂಜಿನಲ್ಲಿ ದಾರಿ ತೋರಬೇಕಾದ ಜಿಪಿಎಸ್ ಇಳಿಯುವ ಹೊತ್ತಿಗೇ ಕೈಕೊಟ್ಟಿತ್ತು. ಒಳಗೆ ಮಲಗಿದ್ದವಳು ದ್ವೀಪದ ಬಾಣಂತಿ. ರಕ್ತಸ್ರಾವ ನಿಂತಿರಲಿಲ್ಲ. ಅವಳನ್ನು ಮತ್ತೆ ದ್ವೀಪದ ಪುಟ್ಟ ದವಾಖಾನೆಗೇ ಒಯ್ದರು.

ಯಾರೋ ಜಿಪಿಎಸ್ ಅಲೆಗಳ ಮೇಲೆ ರೇಡಿಯೋ ಗದ್ದಲ ಎಬ್ಬಿಸಿ ಅವನ್ನು ಮುಚ್ಚಿಹಾಕುತ್ತಿದ್ದರು. ರೇಡಿಯೋ ತನಿಖಾಧಿಕಾರಿ ಬಂದಾಗ ವಾರ್ಡುಗಳಲ್ಲಿ ತಿಂಡಿಯ ತಟ್ಟೆಗಳನ್ನು ಎತ್ತುತ್ತಿದ್ದರು. ಆಕೆ ತಮ್ಮ ಯಂತ್ರ ಹಚ್ಚಿ ನೋಡಿದರು. ಗದ್ದಲದ ಸುಳಿವೇ ಇಲ್ಲ.

ಪೈಲಟ್‌ಗೆ ಫೋನ್ ಮಾಡಿದರು. "ಈಗೇನೂ ಇಲ್ಲ. ಬರ್ತೀರಾ?"

"ಈಗಿಲ್ಲ ಸರಿ ಮೇಡಂ. ನಾನು ಇಳೀತಿರೋವಾಗ ಬಂದ್ರೆ? ಎಲ್ಲಿಂದ ಅಂತ ಗೊತ್ತಾಗ್ಲಿ, ಆಮೇಲೆ."

"ಬಾಣಂತಿ ಹೇಗಿದ್ದಾಳೆ?"

"ಕೇಳ್ಬೇಡಿ."

\*

ಆಸ್ಪತ್ರೆಯವರೆಲ್ಲ ಬೆರಳು ತೋರಿಸಿದ್ದು ಪಕ್ಕದ ಬೀದಿಯ ಆಂಟೆನಾ ಅಜ್ಜನ ಕಡೆಗೆ. ಅವನ ತಾರಸಿಯ ತುಂಬ ತಂತಿ.

"ಕೈಕೋಳ ತಂದ್ಯಾ ಮಗಳೇ?" ಅಜ್ಜ ಕುರ್ಚಿಯಿಂದ ಬೆಕ್ಕನ್ನು ಇಳಿಸಿ ಜಾಗ ಮಾಡಿಕೊಟ್ಟ. "ನಂದು ಬರೀ ಕಿವಿ, ಬಾಯಿಲ್ಲ. ಬೇಕಾದ್ರೆ ನಮ್ಮನೆಯವಳನ್ನ ಕೇಳು."

ನಿಜವೇ. ಅವನ ತಂತಿಗಳು ಕೇಳುತ್ತಿದ್ದವು, ಏನನ್ನೂ ಕಳಿಸುತ್ತಿರಲಿಲ್ಲ. ಪ್ರತಿ ವಿಮಾನವೂ ತಾನೆಲ್ಲಿದ್ದೇನೆ, ಆ ಮಾತನ್ನು ಎಷ್ಟು ನಂಬಬಹುದು ಎಂಬುದನ್ನು ಬಿಡದೆ ಬಿತ್ತರಿಸುತ್ತದೆ. ಅಜ್ಜ ಅದನ್ನು ಹಿಡಿದು, ಯಾರು ಬೇಕಾದರೂ ನೋಡಬಹುದಾದ ನಕ್ಷೆಗೆ ಸೇರಿಸುತ್ತಿದ್ದ.

ಅಧಿಕಾರಿ ಹಿಂದಿನ ವಾರದ ನಕ್ಷೆ ತೆರೆದರು. ಎತ್ತರದ ವಿಮಾನಗಳಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯ ಮೇಲೆ ತಗ್ಗಿ ಹಾರಿದವು ಮಾತ್ರ ದಿಕ್ಕು ತಪ್ಪಿದ್ದವು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ನಡುವೆ ಏನೂ ಇಲ್ಲ.

"ಊಟದ ಹೊತ್ತು," ಎಂದರು ಆಕೆ.

"ಹಾಗಾದ್ರೆ ಅಡುಗೆಮನೆ ನೋಡು. ಮೊದ್ಲು ಚಹಾ ಕುಡಿ, ಮುಖ ಬಾಡಿದೆ."

\*

ಮಧ್ಯಾಹ್ನ ಗದ್ದಲ ಮತ್ತೆ ಎದ್ದಿತು.

"ನಮ್ಮ ಒಲೆ ಮೇಲೆ ಗೂಬೆ ಕೂರಿಸ್ಬೇಡಿ ಮೇಡಂ," ಎಂದಳು ಆಸ್ಪತ್ರೆಯ ಅಡುಗೆಯವಳು. ಹಾಗೆನ್ನುತ್ತಲೇ ಒಲೆ, ಫ್ರಿಜ್, ದೀಪ ಎಲ್ಲವನ್ನೂ ಆರಿಸಿದಳು. ಯಂತ್ರದ ಮುಳ್ಳು ಇಳಿಯದೆ ಇದ್ದಲ್ಲೇ ಇತ್ತು.

ಬೇಯಿಸುವವರಲ್ಲ. ಹಾಗಾದರೆ ಉಣಿಸಲು ಹೊರಗಿನಿಂದ ಬರುವವರು!

ಅಧಿಕಾರಿ ಕೈ ಆಂಟೆನಾ ಹಿಡಿದು ಹಿಂದಿನ ಅಂಗಳಕ್ಕೆ ಓಡಿದರು. ಎಡಕ್ಕೆ ತಿರುಗಿಸಿದರು, ಗದ್ದಲ ಇಳಿಯಿತು. ಬಲಕ್ಕೆ ತಿರುಗಿಸಿದರು, ಏರಿತು. ಅಲ್ಲಿ ಗೋಡೆಗೆ ಒತ್ತಿಕೊಂಡು ಒಂದು ಬ್ರೆಡ್ ವ್ಯಾನು. ಬೀಗ ಹಾಕಿತ್ತು. ಗಾಜಿನಾಚೆ, ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿನಲ್ಲಿ, ಬೆರಳುದ್ದದ ಕಪ್ಪು ಡಬ್ಬಿ. ಅದರ ಕೆಂಪು ದೀಪ ಉರಿಯುತ್ತಿತ್ತು.

"ಇದರ ಡ್ರೈವರ್ ಹೆಂಡ್ತಿಗೆ ಉಣ್ಸೋಕೆ ದಿನಾ ಮೂರು ಹೊತ್ತೂ ಬರ್ತಾನೆ," ಎಂದ ಕಾವಲುಗಾರ. "ಪಾಪ, ಅವನಿಗೇ ಅಂತ ಆ ಮೂಲೆ ಖಾಲಿ ಇಟ್ಟಿರ್ತೀನಿ."

\*

ಚಾಲಕ ವಾರ್ಡಿನಲ್ಲಿದ್ದ. ಲಕ್ವ ಹೊಡೆದ ಹೆಂಡತಿಗೆ ಚಮಚದಿಂದ ಸೂಪು ಕುಡಿಸುತ್ತಿದ್ದ.

"ವ್ಯಾನಿನ ಡಬ್ಬಿ ನಿಮ್ದಾ?"

"ಮಾಲೀಕ ವ್ಯಾನ್ ಎಲ್ಲಿದೆ ಅಂತ ಕೂತಲ್ಲೇ ಜಿಪಿಎಸ್‌ನಲ್ಲಿ ನೋಡ್ತಾನೆ ಅಕ್ಕ. ದಾರಿ ಬಿಟ್ರೆ ಕೆಲಸ ಹೋಯ್ತು. ಇದನ್ನ ಹಾಕಿದ್ರೆ ಕಾಣಲ್ಲ ಅಂದ್ರು. ನನ್ನ ವ್ಯಾನ್ ಒಂದೇ ಮರೆಯಾಗುತ್ತೆ ಅಂದ್ಕೊಂಡೆ."

"ಬೆಳಿಗ್ಗೆ ಬಂದ ಹೆಲಿಕಾಪ್ಟರಿಗೂ ದಾರಿ ಕಾಣ್ಲಿಲ್ಲ. ಒಳಗೆ ಬಾಣಂತಿ ಇದ್ಲು."

ಚಮಚ ನಿಂತಿತು. ಆತ ಓಡಿಹೋಗಿ ಡಬ್ಬಿ ಕಿತ್ತು ತಂದು ಅವರ ಕೈಯಲ್ಲಿಟ್ಟ. "ಬದುಕಿದ್ದಾಳಾ?"

ಅಧಿಕಾರಿ ಆಗಲೇ ಪೈಲಟ್‌ಗೆ ಹೇಳುತ್ತಿದ್ದರು: "ಎತ್ತರದ ವಿಮಾನಕ್ಕೆ ತಾಗಿರ್ಲಿಲ್ಲ, ಅಂದ್ರೆ ಸಣ್ಣದು, ನೆಲದ ಮೇಲಿದ್ದದ್ದು. ಊಟದ ಹೊತ್ತಿಗೆ ಮಾತ್ರ ಬರ್ತಿತ್ತು. ಅಡುಗೆಮನೆ ಆರಿಸಿದ್ರೂ ಹೋಗ್ಲಿಲ್ಲ. ಆಂಟೆನಾ ವ್ಯಾನ್ ತೋರಿಸ್ತು. ಈಗ ಡಬ್ಬಿ ನನ್ನ ಕೈಲಿದೆ, ಗದ್ದಲ ನಿಂತಿದೆ. ನಂಬಿ ಬನ್ನಿ."

ಪೈಲಟ್ ಬಂದ. ಬಾಣಂತಿ ಉಳಿದಳು.

ಪೊಲೀಸರೂ ಬಂದರು. "ಸಂಜೆ ಊಟ ಒಂದು ಮಾಡಿಸಿ ಬರ್ತೀನಿ ಅಕ್ಕ," ಎಂದು ಚಾಲಕ ಅಂಗಲಾಚಿದ. "ಬೇರೆಯವರ ಕೈಲಿ ಅವಳು ತಿನ್ನಲ್ಲ." ಅಧಿಕಾರಿಯೂ ಅವನ ಪರವಾಗಿ ಕೇಳಿಕೊಂಡರು. ಪೊಲೀಸರು ಒಪ್ಪಲಿಲ್ಲ.

ಸಂಜೆ ಅಧಿಕಾರಿಯೇ ಚಮಚ ಹಿಡಿದು ಕೂತರು. ಅಡುಗೆಯವಳು ಯಾರೂ ಹೇಳದಿದ್ದರೂ ಸೂಪನ್ನು ಮತ್ತೆ ಮತ್ತೆ ಬಿಸಿ ಮಾಡಿ ತಂದಳು. ಚಾಲಕನ ಹೆಂಡತಿ ಬಾಗಿಲನ್ನೇ ನೋಡುತ್ತಿದ್ದಳು.

"ಒಂದೇ ಒಂದು ಗುಟುಕು, ನಮ್ಮಮ್ಮ ಅಲ್ವಾ?"

ಚಮಚಕ್ಕೆ ತುಟಿ ಬಿಚ್ಚಲಿಲ್ಲ.